ಬಸವಂತರಾಯ ಸರ್ ಮತ್ತು ಪಿ ವ್ಯಾಲ್ಯೂ

ನನಗೆ ಸಿಟ್ಟು ಬೇಗ ಬರುತ್ತದೆ, ಅಳು ಅದಕ್ಕಿಂತ ಬೇಗ. ಮನಃಶಾಸ್ತ್ರದ ನನ್ನ ಪಿಎಚ್‌ಡಿ ವೈವಾದಲ್ಲಿ ಎರಡೂ ಒಟ್ಟಿಗೇ ಬಂದವು.

ಮುಂಬಯಿಯ ಲೋಕಲ್ ರೈಲಿನಲ್ಲಿ ಗೆಳತಿಯರೊಡನೆ ಹರಟುತ್ತ ಬೊರಿವಲಿಗೆ ಹೋಗುವ ಹೆಂಗಸರು ಒಂಟಿಯಾಗಿ ಹೋಗುವವರಷ್ಟು ಬಳಲುವುದಿಲ್ಲ ಎಂಬುದು ನನ್ನ ಪ್ರಬಂಧದ ಸಾರ. ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ಬೈಸಿಕೊಂಡು ಮಾಡಿದ ಸಂಶೋಧನೆ ಅದು. ಪುಣೆಯ ಪರೀಕ್ಷಕ ಅಮೋಲ್ ಸರ್ ಎಲ್ಲ ಮೆಚ್ಚಿ, ಮೆಲ್ಲಗೆ ಕೇಳಿದರು: "ಇಲ್ಲಿ ಪಿ ವ್ಯಾಲ್ಯೂ 0.03 ಅಂತಿದೆ. ಹಾಗೆಂದರೇನು?"

ಇಷ್ಟೇನಾ ಅಂದುಕೊಂಡೆ. "ನನ್ನ ಊಹೆ ನಿಜವಾಗಿರುವ ಸಾಧ್ಯತೆ ನೂರಕ್ಕೆ ತೊಂಬತ್ತೇಳು, ಸರ್."

"ತಪ್ಪು. ಗೆಳತಿಯರಿಂದ ಏನೂ ವ್ಯತ್ಯಾಸವಾಗುವುದೇ ಇಲ್ಲ ಅಂದುಕೊಳ್ಳಿ. ಆಗಲೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರರಲ್ಲಿ ಮೂರು ಸಲ ಕಾಣಬಹುದು, ಅಷ್ಟೇ. ನಿಮ್ಮ ಊಹೆ ಎಷ್ಟು ನಿಜ ಅಂತ ಅದು ಹೇಳುವುದಿಲ್ಲ. ಇದೇ ತಿಳಿಯದವರಿಗೆ ಡಿಗ್ರಿ ಹೇಗೆ ಕೊಡಲಿ?"

ಸುತ್ತ ಕೂತಿದ್ದ ಪ್ರೊಫೆಸರರು ತಲೆ ತಗ್ಗಿಸಿದರು. ಅವರೂ ಹಾಗೆಯೇ ತಿಳಿದಿದ್ದವರು, ಆದರೆ ಒಬ್ಬರಾದರೂ ಬಾಯಿ ಬಿಡಬೇಕಲ್ಲ! ಐದು ವರ್ಷದ ದುಡಿಮೆ ನೀರುಪಾಲಾಯಿತು ಎಂದು ನನ್ನ ಕಣ್ಣು ತುಂಬಿತು.

ಆಗ ನನ್ನ ಗೈಡ್ ಬಸವಂತರಾಯ ಸರ್ ಎದ್ದರು. ಕಲಬುರಗಿಯವರು, ನಿವೃತ್ತಿಗೆ ಹತ್ತಿರವಿದ್ದವರು. ವಿಭಾಗಕ್ಕೆಲ್ಲ ಸಂಖ್ಯಾಶಾಸ್ತ್ರ ಕಲಿಸಿದ್ದು ಅವರೇ. ಸುಮ್ಮನಿದ್ದಿದ್ದರೆ ತಪ್ಪೆಲ್ಲ ನನ್ನ ತಲೆಗೇ ಬರುತ್ತಿತ್ತು.

"ಇದು ಅವಳ ತಪ್ಪಲ್ಲ, ನನ್ನದು. ನಾನೇ ಹೀಗೆ ಕಲಿಸಿದ್ದೇನೆ," ಎಂದು ಅಮೋಲ್ ಸರ್‌ಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿದರು. "ಅಳಬ್ಯಾಡ ನಿಶ್ಮಿತಾ. ಇಬ್ರೂ ಕೂಡಿ ಕಲಿಯೋಣಂತ."

ಕೊನೆಯ ಅಧ್ಯಾಯ ತಿದ್ದಿ ತರಲು ಅಮೋಲ್ ಸರ್ ಒಂದು ತಿಂಗಳು ಕೊಟ್ಟರು. ಮಾಟುಂಗದ ಹೋಟೆಲಿನಲ್ಲಿ ಕೂತು ನಾವಿಬ್ಬರೂ ಹೊಸದಾಗಿ ಓದಿದೆವು. ಸರ್ ಮತ್ತೆ ಮತ್ತೆ ಹಳೆಯ ಅರ್ಥಕ್ಕೇ ಜಾರುತ್ತಿದ್ದರು. "ಎಷ್ಟು ಸಲ ಹೇಳುದು ಮಾರಾಯ್ರೆ!" ಎಂದು ರೇಗಿಬಿಟ್ಟು ನಾಲಿಗೆ ಕಚ್ಚಿಕೊಂಡೆ. ಅವರು ಹೊಟ್ಟೆ ಹಿಡಿದು ನಕ್ಕರು. "ಇನ್ನೊಮ್ಮೆ ಹೇಳವ್ವಾ."

ಡಿಗ್ರಿ ಬಂತು. ಮರುವಾರವೇ ಸರ್‌ಗೆ ಬೀಳ್ಕೊಡುಗೆ. ಅವರ ಹಳೆಯ ಶಿಷ್ಯರಿಂದ ಹಾಲ್ ತುಂಬಿತ್ತು, ಬಹುಪಾಲು ಕಾಲೇಜು ಮೇಷ್ಟ್ರುಗಳೇ. ಹಾರ ತೆಗೆದಿಟ್ಟು ಸರ್ ಮೈಕ್ ಹಿಡಿದರು: "ನಿಮಗೆಲ್ಲ ಪಿ ವ್ಯಾಲ್ಯೂ ನಾನು ತಪ್ಪು ಕಲಿಸೀನಿ. ನಿಮ್ಮ ಹುಡುಗರಿಗೆ ನೀವೂ ಅದನ್ನೇ ಕಲಿಸಾಕತ್ತೀರಿ. ಇವತ್ತು ಭಾಷಣ ಬ್ಯಾಡ. ಡಾಕ್ಟರ್ ನಿಶ್ಮಿತಾ ಪಾಠ ಮಾಡ್ತಾರ, ಕೇಳ್ರಿ."

ನನ್ನನ್ನು ವೇದಿಕೆಗೆ ಕರೆದು ಮೈಕ್ ಕೊಟ್ಟು, ಹೋಗಿ ಮೊದಲ ಸಾಲಿನಲ್ಲಿ ಕೂತರು. ಕೆಳಗಿಳಿದು ಎಲ್ಲರೆದುರು ಅವರ ಕಾಲಿಗೆ ಬಿದ್ದೆ. ಆಮೇಲೆ ಪಾಠ ಶುರು ಮಾಡಿದೆ.