ಯಾಕಮ್ಮನ ಪಠ್ಯಕ್ರಮ

ನನಗೆ ಅಸಹ್ಯ ಬಹಳ ಬೇಗ ಆಗುತ್ತದೆ. ಅಚ್ಚುಕೂಟದಲ್ಲಿ ಹದಿನಾಲ್ಕು ವರ್ಷ ಕರಡು ತಿದ್ದಿದವಳಿಗೆ ಇನ್ನೇನಾದೀತು? ಅಂಗಡಿಯ ಬೋರ್ಡಿನಲ್ಲಿ, ಬಸ್ಸಿನ ಬೆನ್ನ ಮೇಲೆ, ಆಸ್ಪತ್ರೆಯ ಗೋಡೆಯಲ್ಲಿ, ಎಲ್ಲಿ ನೋಡಿದರೂ ಒಂದು ಒತ್ತು ತಪ್ಪಿರುತ್ತದೆ, ಒಂದು ದೀರ್ಘ ಬಿಟ್ಟುಹೋಗಿರುತ್ತದೆ. ಊಟದಲ್ಲಿ ಸಿಕ್ಕ ಕೂದಲಿನ ಹಾಗೆ ಅದು ಬೇರೆ ಯಾರಿಗೂ ಸಿಗದೆ ನನಗೇ ಸಿಗುತ್ತದೆ. ಇಂಥವಳು ಮಗಳಿಗೆ ಮನೆಪಾಠದ ಪುಸ್ತಕ ಆರಿಸಲು ಕೂತೆ.

ಮಗಳಿಗೆ ಏಳು ವರ್ಷ. ಮಾತು ಬಂದಾಗಿನಿಂದ ಎಲ್ಲದಕ್ಕೂ ಯಾಕೆ, ಯಾಕೆ ಎಂದು ಜೀವ ತಿನ್ನುತ್ತಿದ್ದಳು. ಅದಕ್ಕೇ ಅವಳಪ್ಪ ಯಾಕಮ್ಮ ಎಂದು ಹೆಸರಿಟ್ಟರು, ಅದೇ ನಿಂತಿತು. ಎರಡನೇ ತರಗತಿ ಮುಗಿಯುವ ಹೊತ್ತಿಗೆ ಯಾಕಮ್ಮನ ಬಾಯಿಗೆ ಬೀಗ ಬಿತ್ತು. ಬರೆಯುವುದಂತೂ ನಿಂತೇಹೋಯಿತು. ಬೋರ್ಡಿನ ಮೇಲಿದ್ದದ್ದನ್ನು ಮುತ್ತು ಪೋಣಿಸಿದಂತೆ ಇಳಿಸಿಕೊಳ್ಳುತ್ತಿದ್ದಳು, ಸ್ವಂತದ್ದು ಒಂದು ಸಾಲೂ ಇಲ್ಲ. 'ನನಗೆ ಇಷ್ಟವಾದ ಪ್ರಾಣಿ' ಎಂಬ ತಲೆಬರಹದ ಕೆಳಗೆ ಖಾಲಿ ಹಾಳೆ ಮನೆಗೆ ಬಂತು. ಪ್ರಗತಿ ಪತ್ರದಲ್ಲಿ ಟೀಚರು 'ಈಗ ಶಿಸ್ತು ಬಂದಿದೆ' ಎಂದು ಮೆಚ್ಚಿ ಬರೆದಿದ್ದರು. ಓದಿ ಮೈಯೆಲ್ಲ ಉರಿಯಿತು. ಶಾಲೆಯೇ ನನ್ನ ಮಗುವನ್ನು ಮೂಕಿ ಮಾಡಿತು ಎಂದು ತೀರ್ಮಾನಿಸಿ, ಮರುವಾರವೇ ಬಿಡಿಸಿಕೊಂಡು ಬಂದೆ.

ಶಿಕ್ಷಣ ಕಚೇರಿಯ ಗುಮಾಸ್ತ ಒಂದು ಅರ್ಜಿ ಕೊಟ್ಟ. ಯಾವ ಪಠ್ಯಕ್ರಮ, ಕಲಿಸುವವರು ಯಾರು, ಅವರ ಉದ್ಯೋಗವೇನು. ಹತ್ತು ದಿನದೊಳಗೆ ತುಂಬಿ ಕೊಡದಿದ್ದರೆ ಮಗು ಮತ್ತೆ ಅದೇ ಬೆಂಚಿಗೆ. ಕಲಿಸುವವರ ಜಾಗದಲ್ಲಿ ನಿಂತ ನಿಲುವಿನಲ್ಲೇ ನನ್ನ ಹೆಸರು ಬರೆದೆ. ಅದರಲ್ಲಿ ಯೋಚಿಸುವುದೇನಿತ್ತು? ನಮ್ಮ ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ಗಂಡ ಪಂಪು ರಿಪೇರಿ ಮಾಡುವವರು. ಕೈ ಬಂಗಾರ, ಬರವಣಿಗೆ ದೇವರಿಗೇ ಪ್ರೀತಿ. ಅವರು ಬರೆದ ಚೀಟಿ ನಂಬಿ ನಾನು ಸೋಪಿನ ಬದಲು ಎರಡು ಸಲ ಸೊಪ್ಪು ತಂದಿದ್ದೇನೆ.

ಮೊದಲನೆಯ ಪಠ್ಯಕ್ರಮವನ್ನು ಒಬ್ಬ ಮಾರಾಟಗಾರ ಮನೆಗೇ ಹೊತ್ತು ತಂದ. ಕಣ್ಣು ಕುಕ್ಕುವ ಪೆಟ್ಟಿಗೆ, ಅವನಿಗಿಂತ ಮುಂಚೆ ಒಳಗೆ ಬಂದ ಸೆಂಟಿನ ವಾಸನೆ. ಮಗು ಅಂದರೆ ಮಗುವಲ್ಲವಂತೆ, ಹೂಡಿಕೆಯಂತೆ. ಪೆಟ್ಟಿಗೆಯ ಮೇಲೆ ಬೆರಳುದ್ದದ ಅಕ್ಷರದಲ್ಲಿ 'ಪುಟ್ಟ ವಿಧ್ಯಾರ್ಥಿ' ಎಂದಿತ್ತು. ಬೇಡದ ಮಹಾಪ್ರಾಣವನ್ನು ಬೆರಳಿಟ್ಟು ತೋರಿಸಿದೆ. ಒಳಗಡೆ ಎಲ್ಲಾ ಸರಿಯಿದೆ ಮೇಡಂ ಎಂದು ಹಲ್ಲು ಕಿರಿದ. ಬಾಗಿಲಲ್ಲೇ ಎಡವಿದವನು ನಡುಮನೆಯಲ್ಲಿ ಕುಣಿದಾನೆಯೇ? ಪೆಟ್ಟಿಗೆ ಸಮೇತ ಸಾಗಹಾಕಿದೆ.

ಎರಡನೆಯದು ನಾದಿನಿ ಕಳಿಸಿದ್ದು, ನೀತಿ ಬೆರೆಸಿದ ಗಣಿತ. ವಿಧೇಯ ಬಾಲಕನ ಬಳಿ ಐದು ಹಣ್ಣು, ಎದುರುತ್ತರ ಕೊಡುವ ಬಾಲಕನ ಬಳಿ ಎರಡು, ಯಾರ ತಾಯಿ ಸುಖಿ? ಥೂ. ಆ ಪುಸ್ತಕ ಮುಟ್ಟಿದ ಕೈಯನ್ನು ಉಜ್ಜಿ ಉಜ್ಜಿ ತೊಳೆಯಬೇಕು ಅನ್ನಿಸಿತು. ಮೂರನೆಯದು ಕಂಪ್ಯೂಟರಿನದು. ಉತ್ತರ ಒತ್ತಿದರೆ ಕರಡಿಯೊಂದು ಚಪ್ಪಾಳೆ ತಟ್ಟುತ್ತಿತ್ತು. ಬೇಕೆಂದೇ ಏಳು ಸಲ ತಪ್ಪು ಒತ್ತಿದೆ, ಏಳು ಸಲವೂ ಕರಡಿ ಕುಣಿಯಿತು. ನಾಲ್ಕನೆಯದರ ಹೆಸರು ಸಹಜ ಕಲಿಕೆ. ಒಣ ಎಲೆ ಅಂಟಿಸಿದ ದಪ್ಪ ಹಾಳೆಗಳು, ಒಳಗೆಲ್ಲ ಖಾಲಿ. ಜೊತೆಗೆ ತಾಯಿಗೊಂದು ಕೈಪಿಡಿ. ಪಾಠಕ್ಕೆ ಮುಂಚೆ ಹೇಗೆ ಉಸಿರಾಡಬೇಕು ಎಂದು ಅದರಲ್ಲಿ ಕಲಿಸಿದ್ದರು. ಇಷ್ಟು ವರ್ಷ ನಾನು ಮೂಗಿನಿಂದಲ್ಲದೆ ಇನ್ನೆಲ್ಲಿಂದ ಉಸಿರಾಡುತ್ತಿದ್ದೆನೋ ಗೊತ್ತಿಲ್ಲ.

ಆದರೂ ಎಲ್ಲದರಿಂದಲೂ ಒಂದೊಂದು ಮಾದರಿ ಪಾಠವನ್ನು ಯಾಕಮ್ಮನ ಮುಂದಿಟ್ಟೆ. ಸಂಜೆ ಅಡುಗೆಮನೆಯ ಮೇಜಿನ ಆ ಕಡೆ ಅವಳು, ಈ ಕಡೆ ಕೆಂಪು ಪೆನ್ನು ಹಿಡಿದ ನಾನು. ಕೂಡುವುದು, ಕಳೆಯುವುದು, ಬಿಟ್ಟ ಸ್ಥಳ ತುಂಬುವುದು, ಎಲ್ಲ ಸರಸರ ಮುಗಿಸಿದಳು. 'ನಿನ್ನ ಮಾತಿನಲ್ಲಿ ಬರೆ' ಎಂದಲ್ಲೆಲ್ಲ ಪೆನ್ಸಿಲು ನಿಂತಿತು. ಒಂದು ಕಡೆ ಮಾತ್ರ 'ಬೆಕ್ಕಿಗೆ' ಎಂದು ಬರೆದಳು, ನನ್ನ ಕಡೆ ನೋಡಿದಳು, ಅಳಿಸಿದಳು. ಶಾಲೆ ಎಷ್ಟು ಆಳಕ್ಕೆ ಹೆದರಿಸಿಟ್ಟಿದೆ ನೋಡಿ ಎಂದು ನಾನು ಮತ್ತಷ್ಟು ಕುದಿದೆ.

ಒಂಬತ್ತನೆಯ ದಿನ ಬಂತು. ಗಂಡ ಸ್ನಾನಕ್ಕೆ ಹೋಗಿದ್ದರು. ಗ್ರೀಸು ಹತ್ತಿದ ಅವರ ಕೆಲಸದ ಅಂಗಿಯನ್ನು ಒಗೆಯಲು ಹಾಕುವ ಮೊದಲು ಜೇಬು ತಡವಿದೆ. ಮಡಚಿ ಮಡಚಿ ಬಟನ್ನಿನಷ್ಟಾದ ಕಾಗದಗಳು ಸಿಕ್ಕವು, ಹತ್ತೋ ಹನ್ನೆರಡೋ. ಮೇಜಿನ ಮೇಲೆ ಹರವಿದೆ. ಪೆನ್ಸಿಲ್ ಅಕ್ಷರ, ಯಾಕಮ್ಮನದು.

'ಅಪ್ಪ ಇರುವೆ ಸತ್ತ ಇರುವೆನ ಹೊತುಕೊಂಡು ಹೊಯಿತು ಅದಕ್ಕೆ ಅದು ಸತಿದೆ ಅಂತ ಗೊತ್ತ.' 'ಅಪ್ಪ ಪಂಪು ನೀರು ಕುಡಿದು ಉಗುಳುತಲ್ಲ ಅದಕ್ಕೆ ಯಾಕೆ ಹೊಟ್ಟೆ ತುಂಬಲ್ಲ.' 'ಬೆಕ್ಕಿಗೆ ಕನಸು ಬಿದಾಗ ಮಿಸೆ ಅಲ್ಲಾಡುತೆ ನಾನು ನೊಡಿದೆ.' ಒಂದೊಂದು ಹಾಳೆಯ ಎರಡೂ ಮಗ್ಗುಲು, ಅಂಚಿನವರೆಗೂ. ಪ್ರತಿಯೊಂದರ ಕೆಳಗೆ ಗಂಡನ ಸೊಟ್ಟ ಅಕ್ಷರದಲ್ಲಿ ಉತ್ತರ, ಅವಳಿಗಿಂತ ಹೆಚ್ಚು ತಪ್ಪು ಮಾಡಿ.

ನನ್ನ ಮಗು ಬರೆಯುವುದನ್ನು ನಿಲ್ಲಿಸಿರಲೇ ಇಲ್ಲ. ತಿದ್ದಲು ಬಾರದವರೊಬ್ಬರನ್ನು ಹುಡುಕಿಕೊಂಡಿದ್ದಳು, ಅಷ್ಟೇ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಎಣಿಸುವವರನ್ನು ಕಂಡು ನಾನು ಎಷ್ಟು ನಕ್ಕಿಲ್ಲ. ಅವಳ ಮೊದಲ ಸಾಲುಗಳು ನೆನಪಾದವು. ಒಂದನೇ ತರಗತಿಯಲ್ಲಿ ಓಡಿ ಬಂದು ತೋರಿಸುತ್ತಿದ್ದಳು. ನಾನು ಓದುವ ಮುಂಚೆ ಪೆನ್ನು ತೆಗೆಯುತ್ತಿದ್ದೆ.

ಸ್ನಾನ ಮುಗಿಸಿದ ಗಂಡ ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ಕೊನೆಯ ಚೀಟಿಯನ್ನು ನೋಡಿದರು.

"ಇದನ್ನ ಯಾಕೆ ಮಾಡ್ದೆ?" ಅಂದರು ಮೆಲ್ಲಗೆ. "ಅವಳು ನೋಡಿದ್ರೆ ಇನ್ಮೇಲೆ ನನಗೂ ಬರೆಯಲ್ಲ."

ಆಗ ನಾನೂ ನೋಡಿದೆ. ಚೀಟಿಯಲ್ಲಿ 'ಇದನ್ನ ಅಮ್ಮಂಗೆ ತೊರಿಸಬೇಡ' ಎಂದಿತ್ತು. 'ತೊ'ಗೆ ಕೆಂಪು ದೀರ್ಘ ಬಿದ್ದಿತ್ತು. ಮೇಜಿನ ಮೇಲಿದ್ದ ಪೆನ್ನು ಯಾವಾಗ ಎತ್ತಿಕೊಂಡೆನೋ, ಯಾವಾಗ ಹಾಕಿದೆನೋ ನನಗೆ ತಿಳಿಯದು. ಆ ಮಾತಿನ ಅರ್ಥ ನನ್ನ ತಲೆಗೆ ಹೋಗುವ ಮೊದಲೇ ಕೈ ತನ್ನ ಕೆಲಸ ಮುಗಿಸಿತ್ತು. ಮಾರಾಟಗಾರನ ಸೆಂಟು, ಆ ಹಾಳು ಕರಡಿ, ಯಾವುದೂ ನನಗೆ ಅಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ. ಆ ಕೈ ನನ್ನದು ಅನ್ನಲು ನಾಚಿಕೆಯಾಯಿತು.

ಮುಚ್ಚಿಡುವ ಹೊತ್ತು ಮೀರಿತ್ತು. ಯಾಕಮ್ಮ ಅಪ್ಪನ ತೋಳಿನ ಕೆಳಗಿಂದ ನುಸುಳಿ ಬಂದಳು, ಚೀಟಿ ನೋಡಿದಳು. ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ರಬ್ಬರು ತಂದು ಕೂತು ಶಿಸ್ತಾಗಿ ಅಳಿಸತೊಡಗಿದಳು.

"ಅಳಿಸಬೇಡ ಕಂದ."

"ತಪ್ಪಿದೆಯಲ್ಲ ಅಮ್ಮ."

ಪೆನ್ಸಿಲಿನದೆಲ್ಲ ಹೋಯಿತು. ಹಾಳೆಯ ಮೇಲೆ ನನ್ನ ಕೆಂಪು ದೀರ್ಘವೊಂದೇ ಉಳಿಯಿತು.

ಅರ್ಜಿ ಎಳೆದುಕೊಂಡು ನನ್ನ ಹೆಸರು ಹೊಡೆದುಹಾಕಿ ಗಂಡನ ಮುಂದೆ ತಳ್ಳಿದೆ. ಇನ್ನು ಕಲಿಸುವವರು ನೀವೇ ಎಂದೆ. ಅವರು ಬೆಚ್ಚಿಬಿದ್ದರು. ನನಗೆ ನೆಟ್ಟಗೆ ನಾಲ್ಕು ಅಕ್ಷರ ಬರಲ್ಲ, ನಿನಗೆ ಗೊತ್ತಲ್ಲ ಅಂದರು. ಗೊತ್ತು, ಅದಕ್ಕೇ ಎಂದೆ. ಪಠ್ಯಕ್ರಮದ ಜಾಗಕ್ಕೆ ಏನು ಬರೆಯಲಿ ಎಂದು ಕೇಳಿದರು. ಯಾವುದಾದರೂ ಒಂದು ಬರೆಯಿರಿ, ಕರಡಿಯದು ಬಿಟ್ಟು ಎಂದೆ.

ಅವರು ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಮೂಡಿಸಿದರು. ಉದ್ಯೋಗದ ಎದುರು 'ಪಂಪು ದುರಸ್ಥಿ' ಎಂದು ಬರೆದರು. ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣ, ಅದೂ ಸರ್ಕಾರಿ ಕಾಗದದ ಮೇಲೆ. ಯಾಕಮ್ಮ ರಬ್ಬರು ಕೆಳಗಿಟ್ಟಿದ್ದಳು. ಅವಳು ಅಪ್ಪ ಬರೆದದ್ದನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು.