ಪೆನ್‌ಡ್ರೈವಿನಲ್ಲಿ ಬಂದ ಬಯೋಡೇಟಾ

ಮಹಾಂತೇಶ ಶಿಕಾರಿಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವನು. ಎಲ್ಲರ ಹಾಗೆ ಕಾಗದ ಹಿಡಿದು ಹೆಣ್ಣು ನೋಡಲು ಹೋದರೆ ಅವನ ಮರ್ಯಾದೆ ಏನಾಗಬೇಕು? ವಾರವಿಡೀ ಕೂತು ತನ್ನ ಬಯೋಡೇಟಾವನ್ನೇ ವೆಬ್ ಪೇಜ್ ಮಾಡಿದ. ಫೋಟೊಗಳು ಒಂದಾದ ಮೇಲೊಂದು ಜಾರಿ ಬರುತ್ತಿದ್ದವು. ವಯಸ್ಸನ್ನು ಪೇಜೇ ಲೆಕ್ಕ ಹಾಕಿ ತೋರಿಸುತ್ತಿತ್ತು. ಆ ಲೆಕ್ಕದ ಕೊನೆಗೆ ಮಾತ್ರ ಸದ್ದಿಲ್ಲದೆ ಮೂರು ಕಳೆದಿದ್ದ. ಮೂವತ್ತೆರಡು ಎಂದ ಕೂಡಲೇ ಐದು ಮನೆಯವರು ಕಾಫಿ ಕುಡಿಸಿ ಸಾಗಹಾಕಿದ್ದರು. ಪಾಪ, ಅವನಾದರೂ ಏನು ಮಾಡಿಯಾನು!

ಆರನೆಯದು ಸೊರಬದ ಪಂಚಾಕ್ಷರಪ್ಪನವರ ಮನೆ. ತಾಯಿ ಮಹಾದೇವಮ್ಮನೂ ಜೊತೆಗಿದ್ದಳು. ಹುಡುಗಿ ಗಂಗಾಶ್ರೀ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಊರವರಿಗೆ ಪಹಣಿ, ಪ್ರಮಾಣಪತ್ರದ ಅರ್ಜಿ ತುಂಬಿಕೊಡುತ್ತಿದ್ದಳು. ತಲೆ ತಗ್ಗಿಸಿ ನಿಲ್ಲುವವರ ಪೈಕಿಯಲ್ಲ. ಉಪ್ಪಿಟ್ಟು, ಕಾಫಿ ತಂದಿಟ್ಟು, "ಸಕ್ಕರೆ ಸಾಕೇನ್ರೀ?" ಎಂದು ಮುಖ ನೋಡಿಯೇ ಕೇಳಿದಳು. ಮದುವೆಯಾದರೆ ಇವಳನ್ನೇ ಆಗಬೇಕು ಎಂದು ಮಹಾಂತೇಶ ಅಲ್ಲೇ ಮನಸೋತ.

ಪೆನ್‌ಡ್ರೈವ್ ಹಾಕಿ ಫೈಲು ತೆರೆದರೆ, ಫೋಟೊ ಬರುವ ಬದಲು ಮೇಲೊಂದು ಹಳದಿ ಪಟ್ಟಿ ಬಂತು. ಗಂಗಾಶ್ರೀ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು: "ಈ ಫೈಲಿಂದ ಕಂಪ್ಯೂಟರಿಗೆ ಅಪಾಯ ಆಗ್ಬಹುದು, ಅದಕ್ಕೇ ತಡೆದಿದೀನಿ ಅಂತಿದೆ."

"ಅಯ್ಯೋ ಶಿವನೇ! ನನ್ ಮಗನ ಮುಖ ನೋಡೋ ಮೊದ್ಲೇ ಅಪಾಯ ಅಂತೈತಲ್ರೀ!" ಎಂದಳು ಮಹಾದೇವಮ್ಮ. ಪಂಚಾಕ್ಷರಪ್ಪನವರು ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡರು.

ಮಹಾಂತೇಶನಿಗೆ ತನ್ನನ್ನೇ ಬಯ್ದುಕೊಳ್ಳುವಂತಾಯಿತು. ತನ್ನ ಕಂಪ್ಯೂಟರಿನಲ್ಲಿ ಈ ಎಚ್ಚರಿಕೆಯ ಬಾಯಿಯನ್ನು ಎಂದೋ ಮುಚ್ಚಿಸಿದ್ದ. ಬೇರೆಯವರ ಮನೆಯಲ್ಲಿ ಅದು ಮಾತಾಡುತ್ತದೆಂಬುದೇ ಮರೆತುಹೋಗಿತ್ತು.

"ಏನಿಲ್ರೀ, ನಮ್ಮದೇ ಫೈಲು, ನೆಟ್ಟಿಂದ ಬಂದದ್ದಲ್ಲ. ಸುಮ್ನೆ ಹೆದರಿಸ್ತೈತಿ. ಸೆಟ್ಟಿಂಗ್ಸ್‌ನಾಗ ಒಂದು ಟಿಕ್ ಹಾಕಿದ್ರೆ ಇನ್ಯಾವತ್ತೂ ಕೇಳಲ್ಲ. ಹಾಕ್ಲೇನ್ರೀ?"

"ಬೇಡ್ರೀ. ದಿನಾ ಹತ್ತು ಜನ ಪೆನ್‌ಡ್ರೈವ್ ತರ್ತಾರೆ, ಊರವ್ರ ದಾಖಲೆ ಎಲ್ಲ ಇದ್ರಲ್ಲೇ ಇದೆ. ಒಳಗೇನಿದೆ ಅಂತ ನಾನೇ ನೋಡ್ಕೊಂಡು, ಇದೊಂದ್ಸಲಕ್ಕೆ ಬಿಡ್ತೀನಿ."

ಹಾಗೆಂದವಳೇ, ಪೇಜಿನ ಹಿಂದಿನ ಬರಹ ಕಾಣುವಂತೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಸಾಲು ಸಾಲಾಗಿ ಓದತೊಡಗಿದಳು. ಮಹಾಂತೇಶನ ಬಾಯಲ್ಲಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು. ವಯಸ್ಸಿನ ಸಾಲಿಗೆ ಬಂದಾಗ ಅವಳ ಬೆರಳೂ ನಿಂತಿತು.

"ಇಲ್ಲಿ ಮೂರು ಯಾಕ್ರೀ ಕಳ್ದಿದೀರಿ?"

"ಏನು ಕಳ್ದಿದಾರೆ?" ಪಂಚಾಕ್ಷರಪ್ಪನವರು ಮುಂದಕ್ಕೆ ಬಗ್ಗಿದರು.

ಗಂಗಾಶ್ರೀ ಮಹಾಂತೇಶನನ್ನೇ ನೋಡುತ್ತ ಕೂತಳು. ಏನಾದರೂ ಒಂದು ಕಂಪ್ಯೂಟರ್ ಮಾತು ಹೇಳಿದ್ದರೆ ಹಿರಿಯರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅವಳಿಗೆ ಗೊತ್ತಾಗಿತ್ತಲ್ಲ! ಅವಳೆದುರು ಸುಳ್ಳು ಹೇಳಲು ಅವನಿಗೆ ಮನಸ್ಸೇ ಬರಲಿಲ್ಲ.

"ವಯಸ್ಸು ರೀ. ನಂಗೆ ಮೂವತ್ತೆರಡು. ಇಪ್ಪತ್ತೊಂಬತ್ತು ಅಂತ ತೋರ್ಸೋಕೆ ನಾನೇ ಕಳ್ದಿದ್ದೆ. ತಪ್ಪಾತು."

ಮಹಾದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನೇನು, ಎದ್ದು ಚಪ್ಪಲಿ ಹುಡುಕುವುದೊಂದೇ ಬಾಕಿ ಎಂದುಕೊಂಡ ಮಹಾಂತೇಶ.

ಗಂಗಾಶ್ರೀ ಆ ಮೂರನ್ನು ಅಳಿಸಿ, ಫೈಲನ್ನು ಉಳಿಸಿ, ಹಳದಿ ಪಟ್ಟಿಯ ಮೇಲೆ ಒತ್ತಿ ಅನುಮತಿ ಕೊಟ್ಟಳು. ಫೋಟೊ ಜಾರಿ ಬಂತು, ಕೆಳಗೆ ಮೂವತ್ತೆರಡು.

"ನಿಜ ಹೇಳ್ಬೇಕಂದ್ರೆ ನಂಗೆ ಇಪ್ಪತ್ತೊಂಬತ್ತು ರೀ. ಇಪ್ಪತ್ತಾರು ಅಂತ ನಿಮ್ಗೆ ಹೇಳಿ ಕಳ್ಸಿದ್ದು ಅಪ್ಪ."

ಪಂಚಾಕ್ಷರಪ್ಪನವರಿಗೆ ಕಾಫಿ ನೆತ್ತಿಗೇರಿತು. ಮಹಾದೇವಮ್ಮ ಬೆರಳು ಮಡಚಿ ಏನೋ ಎಣಿಸಿದಳು.

"ಹಂಗಾರೆ ಇಬ್ರ ನಡುವಿನ ಮೂರು ವರ್ಷದ ಅಂತರ ಎಲ್ಲೂ ಹೋಗಿಲ್ಲ ಬಿಡ್ರೀ," ಎಂದು ಖಾಲಿ ಲೋಟ ಮುಂದೆ ಚಾಚಿದಳು. "ಇನ್ನೊಂಚೂರು ಕಾಫಿ ಹಾಕವ್ವ."