ಕ್ಯಾಬಿನ್ನಿನ ಎರಡು ಖಾಲಿ ಸೀಟು

ಗೊಮುನ್‌ಗೆ ಎಂಬ ಊರಿನ ಹೆಂಗಸರಿಗೆ ಸಮುದ್ರ ಯಾವತ್ತೂ ದೊಡ್ಡ ಕಷ್ಟ ಅನ್ನಿಸಿರಲಿಲ್ಲ. ಸಮುದ್ರದವರೆಗಿನ ದಾರಿಯೇ ಕಷ್ಟ. ಊರು ಇರುವುದು ದಿಬ್ಬದ ಮೇಲೆ. ಅವರು ಮುಳುಗುವ ಜಾಗ ಇರುವುದು ಕೆಳಗೆ, ಕರಿಬಂಡೆಗಳಾಚೆ. ಜೇಜು ದ್ವೀಪದ ಈ ಹೆಂಗಸರು ಉಸಿರು ಬಿಗಿಹಿಡಿದು ಕಡಲ ತಳಕ್ಕಿಳಿದು, ಸುರುಳಿ ಚಿಪ್ಪು, ಪಾಚಿ ಕಿತ್ತು ತಂದು ಸಂಸಾರ ನಡೆಸುವವರು. ಹೋಗುವಾಗ ಈಜುಬುರುಡೆ, ಬಲೆಚೀಲ, ಆಳಕ್ಕಿಳಿಯಲು ಸೊಂಟಕ್ಕೆ ಕಟ್ಟುವ ಸೀಸದ ತುಂಡುಗಳು. ಬರುವಾಗ ಅವುಗಳ ಜೊತೆಗೆ ತುಂಬಿದ ಚೀಲದ ಭಾರ. ಅರ್ಧಕ್ಕರ್ಧ ಜನ ಎಪ್ಪತ್ತು ದಾಟಿದವರು. ನೀರಿನಲ್ಲಿ ಮೀನಿನ ಹಾಗಿದ್ದವರು ಆ ಏರಿನಲ್ಲಿ ಮೊಣಕಾಲು ಹಿಡಿದುಕೊಂಡು ನಿಲ್ಲುತ್ತಿದ್ದರು.

ಹಾಗಾಗಿ ಜ್ವಾ ಮನ್‌ಹೊ ಹೊಸ ಪಿಕಪ್ ತಂದ ದಿನ ಊರಿಗೆಲ್ಲ ಸಂಭ್ರಮ. ಅವನಿಗೆ ಕಿತ್ತಳೆ ತೋಟವಿತ್ತು. ಹೆಂಡತಿ ಒಕ್ಸೆಂಗ್ ಮುಳುಗುವವಳು. ಹಾಗಾಗಿ ಅವನ ಗಾಡಿಯೆಂದರೆ ಊರ ಹೆಂಗಸರ ಗಾಡಿಯೂ ಹೌದು. ಹಳೆಯದು ಉಪ್ಪುಗಾಳಿಗೆ ತುಕ್ಕು ಹಿಡಿದು, ತಳ ತೂತಾಗಿ, ಒಂದು ದಿನ ಏರಿನ ನಡುವೆಯೇ ಪ್ರಾಣ ಬಿಟ್ಟಿತ್ತು.

ಅಂಗಳದಲ್ಲಿ ಗಾಡಿಗೆ ಪೂಜೆ ಆಯಿತು. ಅಲ್ಲಿನ ಪದ್ಧತಿಯಂತೆ ಹಂದಿಯ ತಲೆ ಇಟ್ಟು ನಮಸ್ಕಾರ ಮಾಡಿದರು. ನಾಲ್ಕೂ ಚಕ್ರಕ್ಕೆ ಅಕ್ಕಿ ಹೆಂಡ ಸುರಿದರು.

“ಸಾಕು ಕಣಯ್ಯ, ಚಕ್ರಕ್ಕೇ ಎಲ್ಲಾ ಕುಡಿಸ್ಬೇಡ” ಎಂದಳು ಬಾಯಿಬಡಕಿ ಮಾಲ್ಜಾ. “ಕುಡಿದು ರಸ್ತೆಗಿಳಿದ್ರೆ ಪೊಲೀಸ್ರು ಗಾಡೀನೇ ಹಿಡಿತಾರೆ.”

ಎಲ್ಲರೂ ನಕ್ಕರು. ಊರಿನ ಆರೋಗ್ಯ ಕೇಂದ್ರದ ನರ್ಸ್ ಬು ತೆರಾನ್ ಕೂಡ ನಗುತ್ತಲೇ ಗಾಡಿಗೆ ಒಂದು ಸುತ್ತು ಬಂದಳು. ಆ ದ್ವೀಪದಲ್ಲಿ ತಮಗಿಂತ ದೊಡ್ಡವರನ್ನು ಗಂಡಾಗಲಿ ಹೆಣ್ಣಾಗಲಿ ‘ಸಮ್ಚುನ್’ ಅಂತಲೇ ಕರೆಯುವುದು.

“ಮನ್‌ಹೊ ಸಮ್ಚುನ್, ಡಬಲ್ ಕ್ಯಾಬಿನ್ ಇರೋದು ತಗೋಬಹುದಿತ್ತಲ್ಲ? ಆರು ಜನ ಒಳಗೇ ಕೂರಬಹುದಿತ್ತು.”

“ಆಗ ಹಿಂದಿನ ಬಾಡಿ ಗಿಡ್ಡ ಆಗುತ್ತೆ. ಕಿತ್ತಳೆ ಪೆಟ್ಟಿಗೆ ಎಲ್ಲಿಡ್ಲಿ, ನಿನ್ನ ತಲೆ ಮೇಲಾ?”

“ಪೆಟ್ಟಿಗೆ ಹಿಂದೆ ಇಡಿ, ಬೇಡ ಅಂದವರ್ಯಾರು? ಜನ ಎಲ್ಲಿ ಕೂರ್ತಾರೆ?”

“ಜನಾನೂ ಹಿಂದೆ. ಮದುವೆ ಆದಾಗಿಂದ ನಿಮ್ಮ ಒಕ್ಸೆಂಗ್ ಅಕ್ಕ ಅಲ್ಲೇ ಕೂತು ಹೋಗಿದಾಳೆ. ಸವೆದು ಹೋಗಿದಾಳಾ?”

“ಹಿಂದೆ ಬೆಲ್ಟಿಲ್ಲ, ಹಿಡ್ಕೊಳ್ಳೋಕೆ ಕಂಬಿ ಇಲ್ಲ ಸಮ್ಚುನ್. ಬ್ರೇಕ್ ಹಾಕಿದ್ರೆ ಗಾಡಿ ನಿಲ್ಲುತ್ತೆ, ಹಿಂದಿರೋ ಜನ ನಿಲ್ಲಲ್ಲ.”

ಆಗ ಬಾಯಿ ಹಾಕಿದ್ದು ಚುನಿಲ್ ಸಮ್ಚುನ್. ಎಂಬತ್ತರ ಹತ್ತಿರದ ಮುದುಕಿ. ಊರಿನ ಮುಳುಗುವವರಲ್ಲೆಲ್ಲ ಹಿರಿಯಳು. ಒಕ್ಸೆಂಗ್‌ಗೆ, ಮಾಲ್ಜಾಗೆ, ಎಲ್ಲರಿಗೂ ಉಸಿರು ಹಿಡಿಯುವುದನ್ನು ಕಲಿಸಿದವಳು.

“ಬಂಡೆ ಸಂದೀಲಿ ಕೈ ಸಿಕ್ಕಿಕೊಂಡು ಉಸಿರು ಮುಗೀತಾ ಬಂದಾಗಲೂ ಸಾಯದವಳು ನಾನು. ಈ ಆಮೆ ಗಾಡಿಯಿಂದ ಬಿದ್ದು ಸಾಯ್ತೀನೇನೆ ತೆರಾನ್?”

ಅಂಗಳ ಮತ್ತೆ ನಗೆಯಲ್ಲಿ ತುಂಬಿತು. ತೆರಾನ್ ಕೂಡ ನಕ್ಕು, ಒಂದು ಬಟ್ಟಲು ಹೆಂಡ ತೆಗೆದುಕೊಂಡು ಸುಮ್ಮನಾದಳು. ಆವತ್ತು ತಾನು ನಗಬಾರದಿತ್ತು ಎಂದು ಅವಳು ಈಗಲೂ ಹೇಳುತ್ತಾಳೆ.

ಗಾಡಿ ಮಾರಿದವನೂ ಒಂದು ಮಾತು ಹೇಳಿಯೇ ಕೊಟ್ಟಿದ್ದ. “ಇದು ನಿಮ್ಮ ಹಳೇ ಗಾಡಿ ಥರ ಅಲ್ಲ ಯಜಮಾನ್ರೇ. ಕ್ಲಚ್ ಇಲ್ಲ. ಬ್ರೇಕು ಮುಟ್ಟಿದ್ರೆ ಸಾಕು, ಕಚ್ಚಿಕೊಳ್ಳುತ್ತೆ. ಮೊದಲು ಒಂದಷ್ಟು ದಿನ ಖಾಲಿ ಗಾಡಿ ಓಡಿಸಿ ಕಾಲಿಗೆ ಅಭ್ಯಾಸ ಮಾಡ್ಕೊಳ್ಳಿ.” ಮನ್‌ಹೊ ತಲೆಯಾಡಿಸಿದ್ದ. ಹಲ್ಲು ಹುಟ್ಟಿದಾಗಿನಿಂದ ಗಾಡಿ ಓಡಿಸುತ್ತಿರುವವನಿಗೆ ಹುಡುಗನೊಬ್ಬನ ಪಾಠವೇ ಎಂದು ಒಳಗೇ ನಕ್ಕಿದ್ದ. ಗಾಡಿಯ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನ ಗೂಡು ಸೇರಿತು.

ಹೊಸ ಗಾಡಿಯಲ್ಲಿ ಅವನಿಗೆ ಸಿಟ್ಟು ತರಿಸಿದ್ದು ಒಂದೇ. ಬೆಲ್ಟ್ ಹಾಕದಿದ್ದರೆ ಅದು ಟಿಣ್ ಟಿಣ್ ಎಂದು ಹೊಡೆದುಕೊಳ್ಳುತ್ತಿತ್ತು.

“ನಮ್ಮತ್ತೆ ಹೋದ್ಮೇಲೆ ಇಷ್ಟು ಗೊಣಗಾಟ ಕೇಳಿರ್ಲಿಲ್ಲ” ಎಂದು ಅವನು ಬೆಲ್ಟನ್ನು ಬೆನ್ನ ಹಿಂದಿನಿಂದ ಎಳೆದು ಸಿಕ್ಕಿಸಿಟ್ಟ. ಸದ್ದು ನಿಂತಿತು.

“ಸೂಯಾ ಅಪ್ಪ, ಅದನ್ನ ಎದೆ ಮೇಲೆ ಹಾಕ್ಕೊಳ್ಳಿ” ಎಂದಳು ಒಕ್ಸೆಂಗ್. ಸೂಯಾ ಅವರ ಮಗಳು.

“ಕಡಲ ತೀರಕ್ಕೆ ಹೋಗಿ ಬರೋಕೆ ಬೆಲ್ಟಾ? ವಿಮಾನ ಓಡಿಸ್ತಿದೀನಾ?”

ಮನ್‌ಹೊಗೆ ಸೀಟಿನ ಮೇಲೆ ಬಲು ಪ್ರೀತಿ. ಹಳೆಯ ಗಾಡಿಯ ಸೀಟು ಉಪ್ಪುನೀರು ಕುಡಿದು ಕೊಳೆತು ನಾರುತ್ತಿತ್ತು. ಇದಕ್ಕೆ ಹಾಗಾಗಬಾರದು ಎಂದು ಅವನ ಹಟ. ಡ್ರೈವರ್ ಪಕ್ಕದಲ್ಲಿ ಇಬ್ಬರು ಆರಾಮಾಗಿ ಕೂರುವಷ್ಟು ಜಾಗವಿತ್ತು. ಎರಡಕ್ಕೂ ಬೆಲ್ಟಿತ್ತು. ಆದರೆ ನೀರಿನಿಂದ ಎದ್ದು ಬಂದ ಯಾರನ್ನೂ ಅವನು ಅಲ್ಲಿ ಕೂರಿಸಿದ್ದಿಲ್ಲ. ಕೂರಬೇಡಿ ಎಂದು ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಹೆಂಗಸರೇ ಅರ್ಥ ಮಾಡಿಕೊಂಡು ಹಿಂದೆ ಹತ್ತುತ್ತಿದ್ದರು.

ಚಳಿಗಾಲ ಕಾಲಿಡುತ್ತಿದ್ದ ಒಂದು ಮಧ್ಯಾಹ್ನ. ಉತ್ತರದ ಗಾಳಿ ಎದ್ದಿತ್ತು. ಹೆಂಗಸರು ಬೇಗನೆ ನೀರಿನಿಂದ ಹೊರಗೆ ಬಂದರು. ಚುನಿಲ್ ಸಮ್ಚುನ್ ತುಟಿ ಚಳಿಗೆ ನೀಲಿಯಾಗಿತ್ತು.

“ಸಮ್ಚುನ್‌ನ ಇವತ್ತು ಒಳಗೆ ಕೂರಿಸ್ಕೊಳ್ಳಿ” ಎಂದಳು ಒಕ್ಸೆಂಗ್ ಗಂಡನಿಗೆ.

ಮುದುಕಿ ಕ್ಯಾಬಿನ್ ಬಾಗಿಲವರೆಗೆ ಬಂದಳು. ಬೂದು ಬಣ್ಣದ ಹೊಸ ಸೀಟು ನೋಡಿದಳು. ತನ್ನ ರಬ್ಬರ್ ಉಡುಪಿನಿಂದ ಸೋರುತ್ತಿದ್ದ ನೀರು ನೋಡಿಕೊಂಡಳು.

“ಬೇಡ ಕಣೇ. ಸೋರ್ತಾ ಇದೀನಿ. ಪಾಪ, ಇವನ ಹೊಸ ಸೀಟು ಹಾಳಾಗುತ್ತೆ.”

‘ಪರವಾಗಿಲ್ಲ, ಹತ್ತಿ’ ಎನ್ನುವ ಮಾತು ಮನ್‌ಹೊನ ನಾಲಿಗೆಯ ತುದಿಗೆ ಬಂದಿತ್ತು. ಅವನು ಸೀಟು ನೋಡಿದ. ಮಾತು ಅಲ್ಲೇ ನಿಂತಿತು.

“ನಿಧಾನ ಓಡಿಸ್ತೀನಿ ಸಮ್ಚುನ್. ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದ.

ಹಿಡಿದುಕೊಳ್ಳಲು ಅಲ್ಲಿ ಏನಿತ್ತು? ಬಾಡಿಯ ತಳದ ತುಂಬ ಒದ್ದೆ ಚೀಲಗಳು. ಮುದುಕಿ ಬಲಬದಿಯ ಹಲಗೆಯ ಅಂಚಿನ ಮೇಲೆ ಕೂತಳು.

ಅವನು ನಿಧಾನವಾಗಿಯೇ ಓಡಿಸಿದ. ಅದು ಸುಳ್ಳಲ್ಲ. ಏರು ಮುಗಿದು, ಕಿತ್ತಳೆ ತೋಟಗಳ ಕಲ್ಲುಗೋಡೆಗಳ ನಡುವೆ ಬರುವಾಗ ಬಲಗಡೆಯ ಓಣಿಯಿಂದ ಒಂದು ಪವರ್ ಟಿಲ್ಲರ್ ಏಕಾಏಕಿ ಮೂತಿ ಹಾಕಿತು. ಮನ್‌ಹೊನ ಕಾಲು ಹಳೆಯ ಗಾಡಿಯ ಅಭ್ಯಾಸದಲ್ಲೇ ಬ್ರೇಕನ್ನು ಬಲವಾಗಿ ತುಳಿಯಿತು. ಕೈ ಸ್ಟೇರಿಂಗನ್ನು ಎಡಕ್ಕೆ ಎಳೆಯಿತು. ಹೊಸ ಬ್ರೇಕು ಕಚ್ಚಿಕೊಂಡಿತು. ಬೆನ್ನ ಹಿಂದಿನ ಬೆಲ್ಟು ಅವನನ್ನು ಹಿಡಿಯಲಿಲ್ಲ. ಎದೆ ಹೋಗಿ ಸ್ಟೇರಿಂಗಿಗೆ ಬಡಿಯಿತು. ಹಿಂದೆ ಏನೋ ಧೊಪ್ಪೆಂದು ಬಿದ್ದ ಸದ್ದು.

ಚೀಲ ಬಿತ್ತು ಅಂದುಕೊಂಡ ಅವನು. ಕನ್ನಡಿಯಲ್ಲಿ ನೋಡಿದರೆ ರಸ್ತೆಯ ಮೇಲೆ ಬಿದ್ದಿದ್ದದ್ದು ಚುನಿಲ್ ಸಮ್ಚುನ್.

ಹೆಂಗಸರು ಕೂಗುತ್ತ ಇಳಿದರು. “ಎತ್ತಿ, ಗಾಡೀಲಿ ಮಲಗಿಸಿ, ಆಸ್ಪತ್ರೆಗೆ ಹೋಗೋಣ!” ಎಂದು ಮಾಲ್ಜಾ ಮುದುಕಿಯ ತೋಳಿಗೆ ಕೈ ಹಾಕಿದಳು. ಹತ್ತಿರದ ಆರೋಗ್ಯ ಕೇಂದ್ರದಿಂದ ತೆರಾನ್ ಓಡಿಬಂದಳು.

“ಮುಟ್ಟಬೇಡಿ! ಕತ್ತು ಬೆನ್ನಿಗೆ ಏನಾಗಿದೆಯೋ ಗೊತ್ತಿಲ್ಲ. ಹಾಗೇ ಬಿಡಿ. ಯಾರಾದ್ರೂ ಬೇಗ ಆಂಬ್ಯುಲೆನ್ಸಿಗೆ ಫೋನ್ ಮಾಡಿ. ಒಕ್ಸೆಂಗ್ ಅಕ್ಕ, ಕಂಬಳಿ ತಗೊಂಡ್ ಬನ್ನಿ.”

ಅವಳು ರಸ್ತೆಯ ಮೇಲೆ ಮಂಡಿಯೂರಿ ಮುದುಕಿಯ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು ಕೂತಳು. ಮನ್‌ಹೊ ಗಾಡಿಯ ಪಕ್ಕದಲ್ಲಿ ನಿಂತೇ ಇದ್ದ. ಕ್ಯಾಬಿನ್ ಬಾಗಿಲು ತೆರೆದಿತ್ತು. ಒಳಗಿನ ಎರಡು ಸೀಟು ಒದ್ದೆಯಾಗದೆ, ಚೊಕ್ಕಟವಾಗಿ, ಖಾಲಿಯಾಗಿದ್ದವು.

ಚುನಿಲ್ ಸಮ್ಚುನ್ ಉಳಿದಳು. ಸೊಂಟದ ಮೂಳೆ ಮುರಿದಿತ್ತು. ತಲೆಗೆ ಬಿದ್ದ ಪೆಟ್ಟಿನಿಂದ ಒಂದು ಕಿವಿ ಹೋಯಿತು, ನಿಂತರೆ ತಲೆ ತಿರುಗುತ್ತಿತ್ತು. ಇನ್ನು ಮುಂದೆ ನೀರಿಗಿಳಿಯುವಂತಿಲ್ಲ ಎಂದರು ಡಾಕ್ಟರು. ಅದನ್ನು ಕೇಳಿ ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮನ್‌ಹೊ ಬಹಳ ದಿನ ಆಸ್ಪತ್ರೆಯ ಮೊಗಸಾಲೆಯವರೆಗೆ ಹೋಗಿ ಹಾಗೇ ವಾಪಸು ಬರುತ್ತಿದ್ದ. ಕೊನೆಗೆ ಒಂದು ದಿನ ಒಕ್ಸೆಂಗ್ ಅವನ ತೋಳು ಹಿಡಿದು ಒಳಗೆ ತಂದು ನಿಲ್ಲಿಸಿದಳು.

ಮುದುಕಿ ಕಣ್ಣು ಬಿಟ್ಟು ಅವನನ್ನು ನೋಡಿದಳು. “ಬಂದ್ಯಾ? ಸೀಟು ಒದ್ದೆ ಆಗಲಿಲ್ಲ ತಾನೇ?”

ತಮಾಷೆಗೇ ಅಂದದ್ದು. ಮನ್‌ಹೊ ಮಂಚದ ಕಂಬಿ ಹಿಡಿದು ಮಗುವಿನ ಹಾಗೆ ಅತ್ತುಬಿಟ್ಟ.

“ಒಂದು ರಬ್ಬರ್ ಚಾಪೆ ಹಾಸಿದ್ರೆ ಮುಗೀತಿತ್ತು ಸಮ್ಚುನ್. ಮನೇಲಿ ಬಿದ್ದಿತ್ತು ಚಾಪೆ. ನಾನು ನಿಮ್ಮನ್ನ ಒಳಗೆ ಕರೀಬೇಕಿತ್ತು.”

“ಕರೆದಿದ್ರೂ ನಾನು ಬರ್ತಿರಲಿಲ್ಲ ಬಿಡು.”

“ಇನ್ನೊಂದ್ಸಲ ಕರೀಬೇಕಿತ್ತು.”

ಮುದುಕಿ “ಹೂಂ” ಎಂದಳು. “ಇನ್ನೊಂದ್ಸಲ ಕರೀಬೇಕಿತ್ತು.”

ಆಮೇಲೆ ಕಣ್ಣು ಮುಚ್ಚಿಕೊಂಡಳು. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ.

ಇಷ್ಟಾದ ಮೇಲೆ ಊರವರು ಬುದ್ಧಿ ಕಲಿತರು ಅಂದುಕೊಂಡಿರಾ? ಮನ್‌ಹೊ ಮತ್ತೆ ಗಾಡಿ ತೆಗೆದ ದಿನ, ಸಮುದ್ರದ ನೀರು ಇಳಿಯುವ ಹೊತ್ತಿಗೆ, ಹೆಂಗಸರು ಎಂದಿನಂತೆ ಈಜುಬುರುಡೆ ಹಿಡಿದು ಬಂದು ಹಿಂದೆಯೇ ಹತ್ತಿ ಕೂತರು. ರೂಢಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮನ್‌ಹೊ ಇಂಜಿನ್ ಚಾಲೂ ಮಾಡಲಿಲ್ಲ. ಇಳಿದು ಹಿಂದೆ ಬಂದ.

“ಇಳೀರಿ ಎಲ್ಲಾ.”

“ಏನಾಯ್ತು? ಕೆಟ್ಟೋಯ್ತಾ?” ಮಾಲ್ಜಾ ಕೇಳಿದಳು.

“ಇಲ್ಲ. ಹಿಂದೆ ಸಾಮಾನು ಮಾತ್ರ. ಜನ ಒಳಗೆ, ಇಬ್ಬಿಬ್ಬರು. ಎಷ್ಟು ಸಲ ಬೇಕಾದ್ರೂ ಬರ್ತೀನಿ.”

“ಇಬ್ಬಿಬ್ಬರು ಹೋಗೋ ಹೊತ್ತಿಗೆ ಸಮುದ್ರ ವಾಪಸ್ ಬಂದಿರುತ್ತೆ! ಚುನಿಲ್ ಸಮ್ಚುನ್ ಅಂಚಿನ ಮೇಲೆ ಕೂತಿದ್ರು, ಬಿದ್ರು. ನಾವು ಕೆಳಗೆ ಕೂರ್ತೀವಿ. ನಡಿ.”

“ಇಳಿ ಮಾಲ್ಜಾ.”

“ಅವತ್ತು ಬಾಯಿ ಬಿಡದವನು ಇವತ್ತು ಉಪದೇಶ ಮಾಡೋಕೆ ಬಂದ!”

ಹೆಂಗಸರೆಲ್ಲ ತಲೆ ತಗ್ಗಿಸಿದರು. ಮಾಲ್ಜಾಳ ಮುಖವೂ ಸಣ್ಣಗಾಯಿತು. ಆಡಿದ ಮಾತು ಹಿಂದಕ್ಕೆ ಬರುವುದಿಲ್ಲವಲ್ಲ.

“ಹೌದು” ಎಂದ ಮನ್‌ಹೊ. “ಅವತ್ತು ಬಾಯಿ ಬಿಡ್ಲಿಲ್ಲ. ನಿನ್ನ ಹೆಸರಲ್ಲೂ ಹಾಗೇ ಕೂತು ಅಳೋಕೆ ನನ್ನ ಕೈಲಾಗಲ್ಲ. ಇಳಿ.”

ಮೊದಲು ಇಳಿದವಳು ಒಕ್ಸೆಂಗ್. ಮನೆಯೊಳಗಿಂದ ರಬ್ಬರ್ ಚಾಪೆ ತಂದು ಸೀಟಿನ ಮೇಲೆ ಹಾಸಿದಳು. ಒಳಗೆ ಕೂತು ಬೆಲ್ಟ್ ಎಳೆದು ಸಿಕ್ಕಿಸಿದಳು. ಆಮೇಲೆ ಗಂಡನ ಕಡೆ ನೋಡಿದಳು.

“ಊರಿಗೆಲ್ಲ ಹೇಳಿದ್ದಾಯ್ತು. ನಿಮ್ಮ ಬೆಲ್ಟ್ ಎಲ್ಲಿ, ಸೂಯಾ ಅಪ್ಪ?”

ಮನ್‌ಹೊ ಬೆನ್ನ ಹಿಂದಿನಿಂದ ಅದನ್ನು ಬಿಡಿಸಿ ಎದೆಯ ಮೇಲೆ ಹಾಕಿಕೊಂಡ. ಮಾಲ್ಜಾ ಗೊಣಗುತ್ತಲೇ ಇಳಿದು ಬಂದು ಒಕ್ಸೆಂಗ್ ಪಕ್ಕ ಕೂತಳು. ಅವತ್ತು ಸಮುದ್ರ ವಾಪಸು ಬರುವಷ್ಟು ತಡವೇನೂ ಆಗಲಿಲ್ಲ.

ತೆರಾನ್ ಒಂದು ಸಂಜೆ ಅವನ ಜೊತೆ ಕೂತು ಡ್ಯಾಶ್‌ಬೋರ್ಡಿನ ಗೂಡಿನಿಂದ ಆ ಪುಸ್ತಕ ತೆಗೆಸಿ ಓದಿಸಿದಳು. ಖಾಲಿ ಗಾಡಿಯಲ್ಲಿ ಬ್ರೇಕ್ ಹಾಕಿ ಹಾಕಿ ಅವನ ಕಾಲು ಮೃದುವಾಯಿತು. ಚೀಲ, ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುವುದು, ಇಳಿಜಾರಿನಲ್ಲಿ ನಿಲ್ಲಿಸಿದರೆ ಗೇರನ್ನು ನಿಲುಗಡೆಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡುವುದು, ಹಿಂದಕ್ಕೆ ತೆಗೆಯುವ ಮುಂಚೆ ಇಳಿದು ನೋಡುವುದು, ಎಲ್ಲವೂ ರೂಢಿಯಾಯಿತು. ಇವೆಲ್ಲ ಮೊದಲ ದಿನವೇ ಆಗಬಹುದಾಗಿದ್ದ ಕೆಲಸ.

ಎಳೆ ಬಿಸಿಲಿನ ಒಂದು ವಸಂತದ ಬೆಳಿಗ್ಗೆ ಚುನಿಲ್ ಸಮ್ಚುನ್ ತೀರಕ್ಕೆ ಹೋಗಬೇಕು ಎಂದಳು. ಮನ್‌ಹೊ ಅವಳನ್ನು ಪಕ್ಕದಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಕರೆದುಕೊಂಡು ಹೋದ. ಕೋಲೂರಿಕೊಂಡು ಬಂಡೆಯ ಮೇಲೆ ಕೂತಳು. ದೂರದಲ್ಲಿ ಒಬ್ಬೊಬ್ಬರೇ ನೀರಿನ ಮೇಲೆ ಬಂದು ಉಸಿರು ಬಿಡುವ ಸಿಳ್ಳೆ ಕೇಳುತ್ತಿತ್ತು. ಅವಳು ಕೇಳಿಸುವ ಕಿವಿಯನ್ನು ಆ ಕಡೆ ತಿರುಗಿಸಿದಳು.

“ಅದು ಮಾಲ್ಜಾ. ಅವಸರದ ಮುಂಡೇದು, ಬೇಗ ಮೇಲೆ ಬರ್ತಾಳೆ. ಇದು ನಿನ್ನ ಹೆಂಡ್ತಿ. ಇವಳ ಉಸಿರು ಚೆನ್ನಾಗಿದೆ.” ಆಮೇಲೆ ಮೆಲ್ಲಗೆ ಅಂದಳು: “ನಂದು ಇನ್ನೂ ಹತ್ತು ವರ್ಷ ಬರ್ತಿತ್ತು ಕಣೋ.”

ಮನ್‌ಹೊ ಅವಳ ಪಕ್ಕದಲ್ಲಿ ಬಂಡೆಯ ಮೇಲೆ ಕೂತ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಆ ಕಡಲೂರು ನಿಮಗೆ ದೂರ ಇರಬಹುದು. ಆದರೆ ಕೂಲಿಗೆ, ಮದುವೆಗೆ, ಸಂತೆಗೆ ಪಿಕಪ್ಪಿನ ಹಿಂದೆ ನಿಂತು ಹೋಗುವ ಜನ ನಿಮ್ಮೂರಲ್ಲೂ ಇದ್ದಾರೆ. ಬಹುಶಃ ನಿಮ್ಮ ಮನೆಯವರೇ ಇದ್ದಾರೆ. ‘ಇಲ್ಲೇ ಹತ್ತಿರ’ ಅನ್ನುವ ಮಾತು ನಂಬಬೇಡಿ. ಹೊಸ ಗಾಡಿ ತಂದಿದ್ದರೆ ಮೊದಲು ಅದರ ಬ್ರೇಕು, ಅದರ ತೂಕ ನಿಮಗೆ ಪರಿಚಯವಾಗಲಿ. ಜನ ಆಮೇಲೆ ಹತ್ತಲಿ. ಎಷ್ಟು ಬೆಲ್ಟ್ ಇದೆಯೋ ಅಷ್ಟೇ ಜನ. ಹತ್ತಿಸಿಕೊಳ್ಳುವ ನೀವು ಗಟ್ಟಿ ಮನಸ್ಸು ಮಾಡಿ. ಹತ್ತುವ ನೀವು ದಾಕ್ಷಿಣ್ಯ ಬಿಡಿ.

ನಾಳೆ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ. ಅಲ್ಲಿ ಮನುಷ್ಯರು ಕೂತಿದ್ದರೆ, ದಯವಿಟ್ಟು, ಕೀಲಿ ತಿರುಗಿಸಬೇಡಿ.